ನಮ್ಮ ಹೇಂಟೆಗಾಗಿ ಇಡೀ ಶಾಲೆಯ ಪ್ರಾರ್ಥನೆ

ನನ್ನ ಮೊಮ್ಮಗಳು ಶಾಲೆಯಲ್ಲಿ ಮಾತಾಡಿದಳು! ಒಂದೆರಡು ಮಾತಲ್ಲ, ಕೊನೆಗೆ ಸಿಸ್ಟರೇ ತಡೆಯಬೇಕಾಗಿ ಬರುವಷ್ಟು ಮಾತಾಡಿದಳು. ಮಕ್ಕಳು ಮಾತಾಡುವುದು ಯಾವ ದೊಡ್ಡ ಸುದ್ದಿ ಎಂದು ನೀವು ಕೇಳಬಹುದು. ಮೊನ್ನೆ ಶುಕ್ರವಾರ ಶಾಲೆಯಿಂದ ವಾಪಸು ಬರುವಾಗ ಜೀಪಿನ ಡ್ರೈವರನೂ ಹಾಗೇ ಕೇಳಿದ.

"ಈ ಕೂಸು ನನ್ ಜೀಪಲ್ಲಿ ಕೂತ್ರೆ ಇಂಜಿನ್ ಸದ್ದೇ ಕೇಳಲ್ಲ, ಅಷ್ಟು ಮಾತಾಡ್ತದೆ. ನೀವೇನಜ್ಜಿ ಹೊಸ್ದಾಗಿ ಹೇಳ್ತಿದ್ದೀರಿ?"

"ನಿನ್ ಜೀಪಲ್ಲಿ ಮಾತಾಡ್ತಾಳೆ ಕಣೋ. ಶಾಲೆ ಗೇಟು ದಾಟಿದ್ಮೇಲೆ ಇಲ್ಲ. ಜೂನ್ ತಿಂಗಳಿಂದ ಒಂದು ಮಾತಾಡಿಲ್ಲ ಅಲ್ಲಿ."

ಅವನು ತಿರುವಿನಲ್ಲಿ ಗೇರು ಇಳಿಸುವುದನ್ನೂ ಮರೆತು ಹಿಂದಕ್ಕೆ ತಿರುಗಿ ನೋಡಿದ. ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಷ್ಟು ಮಾತಾಡಿ ಸುಸ್ತಾಗಿತ್ತು.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯುವುದು ನಿಧಾನ. ಆದರೂ ಈ ಸಂತೋಷ ಬಾಯಲ್ಲಿ ಹೇಳಿ ಮುಗಿಯುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ವನಗೂರಿನ ಕಡೆ ಗುಡ್ಡದ ಮೇಲಿನ ಒಂಟಿಮನೆ. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ಒಂದೆರಡು ದನ. ಪಕ್ಕದ ಮನೆಯೆಂದರೆ ಒಂದು ಕೂಗಿನ ದೂರ. ಮಂಜು ಇಳಿದರೆ ಅಂಗಳದಲ್ಲಿ ನಿಂತವರೇ ಕಾಣುವುದಿಲ್ಲ, ಇನ್ನು ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಗೊತ್ತಾಗುವುದು ಹೇಗೆ? ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಒಂದು ಪಾಠ ಕಲಿಸುತ್ತೇವೆ. ಯಾರಾದರೂ ಹೆಸರು ಹಿಡಿದು ಕರೆದರೆ, ಇದ್ದಲ್ಲಿಂದಲೇ ಎದೆ ತುಂಬ ಉಸಿರೆಳೆದು "ಓ...ಯ್" ಎನ್ನಬೇಕು. ಮಗು ಎಲ್ಲಿದೆ ಎಂದು ದೊಡ್ಡವರಿಗೆ ತಿಳಿಯುವುದೇ ಆ ಕೂಗಿನಿಂದ. ಸಣ್ಣ ದನಿಯಲ್ಲಿ ಅಂದರೆ ಬೈಸಿಕೊಳ್ಳಬೇಕು. ಈ ಪಾಠವನ್ನು ಮೊಮ್ಮಗಳಿಗೆ ಕಲಿಸಿದವಳು ನಾನೇ, ಚೆನ್ನಾಗಿಯೇ ಕಲಿತಿದ್ದಳು.

ಒಂದನೇ ಕ್ಲಾಸಿಗೆ ಅವಳನ್ನು ಸಕಲೇಶಪುರದ ದಾರಿಯಲ್ಲಿರುವ ಸಿಸ್ಟರುಗಳ ಶಾಲೆಗೆ ಸೇರಿಸಿದೆವು. ಮೊದಲ ದಿನ ಟೀಚರು ಹಾಜರಿ ಕೂಗಿದರು. ಉಳಿದ ಮಕ್ಕಳು ಅಲ್ಲೇ ಎಲ್‌ಕೆಜಿ, ಯುಕೆಜಿ ಓದಿದವರು, ಮೆಲ್ಲಗೆ "ಪ್ರೆಸೆಂಟ್ ಮಿಸ್" ಎಂದು ಕೂತರಂತೆ. ಇವಳ ಹೆಸರು ಬಂತು. ನಮ್ಮ ಹುಡುಗಿ ಎದ್ದು ನಿಂತು, ಆಚೆ ಗುಡ್ಡಕ್ಕೆ ಕೇಳುವ ಹಾಗೆ "ಓ...ಯ್" ಎಂದುಬಿಟ್ಟಳು. ಪಕ್ಕದ ಕ್ಲಾಸಿನ ಟೀಚರು ಏನಾಯಿತೋ ಎಂದು ಓಡಿ ಬಂದರಂತೆ. ಮಕ್ಕಳು ಬೆಂಚು ಬಡಿದುಕೊಂಡು ನಕ್ಕವು. ಟೀಚರು ಒಳ್ಳೆಯವರು, ಅವರೇ ನನಗೆ ಇದನ್ನೆಲ್ಲ ಹೇಳಿದ್ದು. "ನಂಗೂ ನಗು ತಡೀಲಿಕ್ಕೆ ಆಗ್ಲಿಲ್ಲ ಮಾರಾಯ್ರೇ, ಈಗ ಬೇಜಾರಾಗ್ತದೆ" ಎಂದರು. ಅವರ ಹಿರಿಯರು ಮಂಗಳೂರು ಕಡೆಯಿಂದ ಬಂದವರು, ಮಾತು ಇನ್ನೂ ಹಾಗೇ ಇದೆ.

ಆ ದಿನ ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೆ. ಆದರೆ ಕಲಿಯುತ್ತಿರಲಿಲ್ಲ ಎಂದಲ್ಲ. ಮನೆಗೆ ಬಂದು ಕರುವಿನ ಮುಂದೆ ನಿಂತು ಮಗ್ಗಿ ಹೇಳುವಳು, ಇಂಗ್ಲಿಷ್ ಪದ್ಯ ಹೇಳುವಳು. ಸಂಜೆ ನಾನು ದೇವರಿಗೆ ದೀಪ ಹಚ್ಚಿದರೆ, ಪಕ್ಕದಲ್ಲಿ ಕೂತು ಶಾಲೆಯ ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸುವಳು.

ನಮ್ಮ ಮನೆಯವರು, ಅವಳ ತಾತ, ಜಗಲಿಯಿಂದಲೇ ತಮಾಷೆ ಮಾಡುತ್ತಿದ್ದರು. "ಇಬ್ರು ದೇವ್ರುನ್ನೂ ಒಂದೇ ಹೊತ್ಗೆ ಕರೀತಿದ್ದೀರಲ್ಲೇ. ಇಬ್ರೂ ಒಟ್ಟಿಗೆ ಬಂದ್ಬುಟ್ರೆ ಎಲ್ಲಿ ಕೂರ್ಸೀಯಾ?"

"ಬರ್ಲಿ ಬುಡಿ, ಚಾಪೆ ಐತೆ" ಎನ್ನುತ್ತಿದ್ದೆ ನಾನು.

ಮಾತು ತಮಾಷೆಯದಾದರೂ ನನಗೆ ಅದರಲ್ಲಿ ನಂಬಿಕೆ ಇದೆ. ಅಲ್ಲಿ ಮೇಣದ ಬತ್ತಿ, ಇಲ್ಲಿ ಎಣ್ಣೆ ದೀಪ, ಮಗು ಎರಡರ ಮುಂದೆಯೂ ಕೈ ಮುಗಿಯುವುದನ್ನು ಕಲಿತರೆ ನಷ್ಟವೇನು? ಮನೆಯಲ್ಲಿ ಇಷ್ಟು ಹರಿಯುವ ಮಾತು ಶಾಲೆಯಲ್ಲಿ ಏಕೆ ನಿಂತುಹೋಗುತ್ತದೆ ಎನ್ನುವುದೊಂದೇ ನನ್ನನ್ನು ಕೊರೆಯುತ್ತಿತ್ತು. ಗದರಿಸಿ ನೋಡಿದೆವು, ಮಿಠಾಯಿ ಕೊಟ್ಟು ನೋಡಿದೆವು. "ಅಲ್ಲಿ ಎಲ್ರೂ ನೋಡ್ತಾರಜ್ಜಿ" ಎಂದು ಮಾತ್ರ ಹೇಳುತ್ತಿದ್ದಳು.

ದೀಪಾವಳಿ ಕಳೆದು ತಿಂಗಳಾದ ಮೇಲೆ ಶಾಲೆಯಿಂದ ಕರೆ ಬಂತು. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ, ಬಾಯಲ್ಲಿ ಹೇಳುವ ಪರೀಕ್ಷೆಯಲ್ಲಿ ಸೊನ್ನೆ. ಹೀಗೇ ಆದರೆ ಯುಕೆಜಿಗೆ ಹಾಕಿ ಚಿಕ್ಕ ಮಕ್ಕಳ ಜೊತೆ ಕೂರಿಸುವುದು ಒಳ್ಳೆಯದು, ಶುಕ್ರವಾರ ಬಂದು ಮಾತಾಡಿ ತೀರ್ಮಾನ ಮಾಡಿ ಎಂದು ಹೆಡ್ ಸಿಸ್ಟರು ಫೋನು ಮಾಡಿದ್ದರು. ಸೊಸೆ ಒಲೆ ಮುಂದೆ ಕೂತು ಅತ್ತಳು. "ಮಾತು ಬರದ ಮಗು ಅಂತ ಹೆಸ್ರು ಬಿದ್ದೋಗ್ತದೆ ಅತ್ತೆ. ಒಂದ್ಸಲ ಬಿದ್ರೆ ಆ ಹೆಸ್ರು ಹೋಗಲ್ಲ" ಎಂದಳು. ಮಗ ಎದ್ದು ಹೊರಗೆ ಹೋದ. ದೊಡ್ಡವರು ಮಾತಾಡಿಕೊಂಡಿದ್ದು ಮಗುವಿನ ಕಿವಿಗೂ ಬಿದ್ದಿತ್ತು. ಮರುದಿನ ನಾನು ಜಡೆ ಹಾಕುತ್ತಿದ್ದಾಗ ಕೇಳಿದಳು.

"ಅಜ್ಜಿ, ಯುಕೆಜಿ ಬೆಂಚು ಗಿಡ್ಡ ಅಲ್ವಾ? ನನ್ ಕಾಲು ಹಿಡಿಸ್ತವಾ ಅದ್ರಾಗೆ?"

ಜಡೆಯನ್ನು ಬಿಚ್ಚಿ ಮತ್ತೆ ಹಾಕಿದೆ.

ಶುಕ್ರವಾರ ಕಾಫಿ ಕೊಯ್ಲಿಗೆ ಆಳುಗಳು ಬಂದಿದ್ದರು, ಮಗ ಸೊಸೆ ಬಿಟ್ಟು ಬರುವಂತಿರಲಿಲ್ಲ. ಮೊಮ್ಮಗಳ ಜೊತೆ ನಾನೇ ಹೊರಟೆ. ನಾವು ಮುಟ್ಟಿದಾಗ ಶಾಲೆಯ ಅಂಗಳದಲ್ಲಿ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುವ ಗಡಿಬಿಡಿ. ಯೇಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗೆಯನ್ನು ಮಾಡಿ ಇಡುತ್ತಾರಲ್ಲ, ಅದು. ಮಕ್ಕಳೆಲ್ಲ ಮನೆಯಿಂದ ಒಣ ಹುಲ್ಲು, ಮರದ ಮೇಲಿನ ಹಸಿರು ಪಾಚಿ ಕಿತ್ತು ತಂದಿದ್ದರು. ದನದ ಕೊಟ್ಟಿಗೆ ಹೇಗಿರುತ್ತದೆ ಎಂದು ನಮ್ಮ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರೋ ಹುಲ್ಲನ್ನು ಅಂದಕ್ಕೆ ಸೂರಿನ ಮೇಲೆ ಇಟ್ಟಿದ್ದರು. ಅವಳು ಸುಮ್ಮನೆ ಹೋಗಿ ತೆಗೆದು ಮಣ್ಣಿನ ಹಸುವಿನ ಬಾಯಿಗೆ ಸಿಗುವ ಕಡೆ ಹಾಕಿ ಬಂದಳು.

ಗಂಟೆ ಹೊಡೆದು ಎಲ್ಲರೂ ಸಾಲಾಗಿ ನಿಂತರು. ನಾನು ಮಾತೆ ಮರಿಯಮ್ಮನ ಗವಿಯ ಪಕ್ಕ ಕಲ್ಲುಬೆಂಚಿನ ಮೇಲೆ ಕೂತೆ. ಈ ಶಾಲೆಯಲ್ಲಿ ದಿನಾ ಬೆಳಿಗ್ಗೆ ಒಂದು ಪದ್ಧತಿ ಇದೆ. ಹಾಡು ಮುಗಿದ ಮೇಲೆ ಹೆಡ್ ಸಿಸ್ಟರು "ಕಣ್ಣು ಮುಚ್ಚಿ. ಇವತ್ತು ಯಾರಿಗಾಗಿ ಪ್ರಾರ್ಥಿಸೋಣ?" ಎನ್ನುತ್ತಾರೆ. ಯಾವ ಮಗು ಬೇಕಾದರೂ ನಿಂತಲ್ಲಿಂದಲೇ ಹೇಳಬಹುದು. ಒಬ್ಬರು ಅಪ್ಪನ ಜ್ವರ ಎನ್ನುತ್ತಾರೆ, ಒಬ್ಬರು ಅಕ್ಕನ ಪರೀಕ್ಷೆ ಎನ್ನುತ್ತಾರೆ. ಪ್ರತಿಯೊಂದಕ್ಕೂ ಎಲ್ಲರೂ ಸೇರಿ "ಪ್ರಭುವೇ, ನಮ್ಮ ಮೊರೆ ಕೇಳು" ಎನ್ನಬೇಕು. ಮುಗಿಯುವವರೆಗೆ ಯಾರೂ ಕಣ್ಣು ಬಿಡುವಂತಿಲ್ಲ, ಟೀಚರುಗಳೂ ಸಹ.

ನಾನೂ ಕಣ್ಣು ಮುಚ್ಚಿದೆ. ಮೊದಲು ಯಾರೋ ಚಿಕ್ಕಮ್ಮನ ಹೆರಿಗೆಗೆ ಕೇಳಿದರು. ಇನ್ನೊಬ್ಬರು ತಮ್ಮ ತೋಟಕ್ಕೆ ಆನೆ ಬರದಿರಲಿ ಎಂದರು. ಅದಕ್ಕೆ ನಾನು ಜೋರಾಗಿಯೇ ದನಿ ಸೇರಿಸಿದೆ. ಸಿಸ್ಟರು ಇನ್ನೇನು ಮುಗಿಸಬೇಕು, ಆಗ ಒಂದು ದನಿ ಬಂತು.

"ನಮ್ಮನೆ ಕೆಂಪು ಹೇಂಟೆ ಕಾವಿಗೆ ಕೂತೈತೆ. ಮುಂಗುಸಿ ಬರ್ದೇ ಇರ್ಲಿ."

ನಮ್ಮ ಹೇಂಟೆ! ನಮ್ಮ ಹುಡುಗಿ! ಕಣ್ಣು ಬಿಟ್ಟು ನೋಡಬೇಕೆಂದು ಜೀವ ಹಾತೊರೆಯಿತು. ಆದರೆ ನಾನು ನೋಡುವುದನ್ನು ಅವಳು ನೋಡಿಬಿಟ್ಟರೆ? ಎಲ್ಲರೂ ನೋಡುತ್ತಾರೆ ಎಂದೇ ಅಲ್ಲವೇ ಆ ಬಾಯಿ ಮುಚ್ಚಿದ್ದು? ರೆಪ್ಪೆ ನೋಯುವಷ್ಟು ಬಿಗಿಯಾಗಿ ಮುಚ್ಚಿಕೊಂಡೆ. ಎಲ್ಲೋ ಒಂದಿಬ್ಬರು ಕಿಸಕ್ಕೆಂದರು. ಅಷ್ಟರಲ್ಲಿ ಸಿಸ್ಟರು ದನಿ ಎತ್ತಿದರು, ಇಡೀ ಶಾಲೆ ನಮ್ಮ ಹೇಂಟೆಗಾಗಿ "ಪ್ರಭುವೇ, ನಮ್ಮ ಮೊರೆ ಕೇಳು" ಎಂದಿತು. ಆ ನಗು ಅದರಲ್ಲಿ ಮುಳುಗಿಹೋಯಿತು.

"ಆಮೇಲೆ, ನಮ್ಮಜ್ಜಿ ಮಂಡಿ ನೋವು ಹೋಗ್ಲಿ."

"ಪ್ರಭುವೇ, ನಮ್ಮ ಮೊರೆ ಕೇಳು."

"ಆಮೇಲೆ, ನಮ್ ತಾತ ಬೀಡಿ ಸೇದೋದು ಬಿಡ್ಲಿ. ಅವ್ವಂಗೆ ಗೊತ್ತಾಗ್ದಂಗೆ ದನದ ಕೊಟ್ಗೇಲಿ ಸೇದ್ತಾರೆ."

ಇದಕ್ಕೂ ಇಡೀ ಶಾಲೆ ಮೊರೆಯಿಟ್ಟಿತು. ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಕರುವಿನ ಹೆಸರು ಬಂತು, ಜೀಪಿನ ಟೈರು ಬಂತು. ಕೊನೆಗೆ ಸಿಸ್ಟರು ಮೆತ್ತಗೆ, "ದೇವರು ಇಷ್ಟನ್ನ ಮೊದಲು ನೋಡ್ಲಿ. ಉಳಿದದ್ದು ನಾಳೆ ಹೇಳು ಮಗಾ" ಎಂದರು.

ದೇವಸ್ಥಾನದಲ್ಲಿ ನಾವೂ ಕಣ್ಣು ಮುಚ್ಚುತ್ತೇವೆ. ಎದುರಿಗೆ ದೇವರನ್ನು ಇಟ್ಟುಕೊಂಡು ಕಣ್ಣೇಕೆ ಮುಚ್ಚಬೇಕು ಎಂದು ಚಿಕ್ಕಂದಿನಿಂದ ನನಗೊಂದು ಪ್ರಶ್ನೆ ಇತ್ತು. ದೇವರು ಒಳಗೆ ಕಾಣಲಿ ಎಂದು ಹಿರಿಯರು ಹೇಳುತ್ತಿದ್ದರು. ಇರಬಹುದು. ಪಕ್ಕದಲ್ಲಿ ನಿಂತವರಿಗೆ ಸ್ವಲ್ಪ ಹೊತ್ತು ನಮ್ಮ ನೋಟದಿಂದ ಬಿಡುಗಡೆ ಸಿಗಲಿ ಎಂದೂ ಇರಬಹುದು. ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ಹಾಗನ್ನಿಸಿತು. ಅಷ್ಟು ತಿಂಗಳು ನಾವೆಲ್ಲ ಆ ಮಗುವಿನ ಬಾಯನ್ನೇ ನೋಡುತ್ತಿದ್ದೆವು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುವ ನೋಟವೂ ಒಂದು ಭಾರವೇ.

ಆದರೆ ಕಣ್ಣು ಮುಚ್ಚಿದಾಗ ಬಂದ ಮಾತು ಕಣ್ಣು ಬಿಟ್ಟ ಮೇಲೂ ಬರುತ್ತದೆಯೇ? ಯುಕೆಜಿಯ ತೀರ್ಮಾನ ಇನ್ನೂ ಹಾಗೇ ಇತ್ತು. ಸಿಸ್ಟರು ನನ್ನನ್ನು ಆಫೀಸಿಗೆ ಕರೆಯಲಿಲ್ಲ. "ಬನ್ನಿ ಅಜ್ಜಿ, ಸದ್ದು ಮಾಡ್ಬೇಡಿ" ಎಂದು ಒಂದನೇ ಕ್ಲಾಸಿನ ಹೊರಗೆ ಜಗಲಿಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕ ಇಬ್ಬರೂ ಗೋಡೆಗೆ ಒರಗಿ ನಿಂತೆವು.

ಒಳಗೆ ಟೀಚರು ಇನ್ನೂ ಬಂದಿರಲಿಲ್ಲ. ಮಕ್ಕಳು ನಮ್ಮ ಹುಡುಗಿಯ ಬೆಂಚಿಗೆ ಮುತ್ತಿಕೊಂಡಿದ್ದರು. ಒಂದು ಹುಡುಗಿ, ಬ್ಯಾಂಕಿನವರ ಮಗಳು, ಕೇಳುತ್ತಿದ್ದಳು.

"ಕಾವಿಗೆ ಕೂತ್ರೆ ಊಟಕ್ಕೆ ಏನ್ಮಾಡುತ್ತೆ ಕೋಳಿ?"

ಸಿಸ್ಟರು ನನ್ನ ಕೈ ಹಿಡಿದರು.

"ಒಂದ್ ಗಳಿಗೆ ಎದ್ದು ಬತ್ತದೆ. ಕಾಳು ತಿಂದು ಓಡೋಗ್ತದೆ."

"ನೀನು ಮುಟ್ಟಿದ್ರೆ?"

"ಕುಕ್ತದೆ! ನಮ್ಮಪ್ಪಂಗೂ ಕುಕ್ಕೈತೆ. ನಂಗೆ ಮಾತ್ರ ಕುಕ್ಕಲ್ಲ."

"ಸುಳ್ಳು!"

"ನೀನೇ ಬಂದು ನೋಡು ಬಾರೇ!"

ಟೀಚರು ಬಂದರು. ಗುಂಪು ಚದುರಿತು. ಹಾಜರಿ ಶುರುವಾಯಿತು. ಇವಳ ಹೆಸರು ಬಂದಾಗ ಟೀಚರು ಪುಸ್ತಕದಿಂದ ತಲೆ ಎತ್ತಲೇ ಇಲ್ಲ. "ಪ್ರೆಸೆಂಟ್ ಮಿಸ್" ಎಂದು ಕೇಳಿಸಿತು. ಟೀಚರು ಮುಂದಿನ ಹೆಸರು ಕೂಗಿದರು, ಏನೂ ಆಗದವರ ಹಾಗೆ.

"ಯುಕೆಜಿ ಮಾತು ಬಿಟ್ಟುಬಿಡಿ ಅಜ್ಜಿ" ಎಂದರು ಸಿಸ್ಟರು. "ಇಲ್ಲೇ ಇರ್ಲಿ. ಮಾತು ಕಡಿಮೆ ಮಾಡ್ಸಿ ಅಂತ ಮುಂದಿನ ತಿಂಗಳು ನಾವೇ ನಿಮ್ಮನ್ನ ಕರೆಸ್ತೇವೆ ನೋಡಿ."

ನಾನು ಅವರ ಕಾಲಿಗೆ ಬಗ್ಗಿದೆ. ಅವರು ತಡೆದು, ನನ್ನ ಮಂಡಿಗೆ ಪ್ರಾರ್ಥನೆ ಈಗಷ್ಟೇ ಆಗಿದೆ, ಹಾಳು ಮಾಡಿಕೊಳ್ಳಬೇಡಿ ಎಂದು ನಕ್ಕರು.

ಮನೆಗೆ ಬಂದು ಹೇಳಿದಾಗ ಸೊಸೆ ಕಾಫಿ ಹಣ್ಣಿನ ಬುಟ್ಟಿಯನ್ನು ಹಾಗೇ ಕೆಳಗಿಟ್ಟು ಮಗಳನ್ನು ಅಪ್ಪಿಕೊಂಡಳು. ಮಗ ಎರಡು ಸಲ ಹೇಳಿಸಿಕೊಂಡ. ನಮ್ಮ ಮನೆಯವರು ಮಾತ್ರ ಬೀಡಿಯ ಭಾಗ ಕೇಳಿ ಹೌಹಾರಿದರು.

"ಇಡೀ ಶಾಲೆಗೇ ಹೇಳ್ಬುಟ್ಳಾ? ಸಿಸ್ಟರ್ ಮುಂದೂ?"

"ಎಲ್ರೂ ದೇವ್ರಿಗೂ ಹೇಳವ್ರೆ" ಎಂದೆ. "ಇನ್ನು ನಿಮ್ ಕೈಲೇನೂ ಇಲ್ಲ."

"ಬಾಯಿ ಬರ್ದೇ ಇದ್ದಾಗ್ಲೇ ಚೆನ್ನಾಗಿದ್ಳು" ಎಂದು ಗೊಣಗುತ್ತಾ ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು.

ಸಂಜೆ ಸೊಸೆ ಕಡುಬು ಬೇಯಿಸಿದಳು. ಹಬ್ಬದಂಥ ದಿನ, ಕೋಳಿ ಸಾರು ಆಗಬೇಕೆಂದು ಮಗನಿಗೆ ಆಸೆಯಿತ್ತು. ಆದರೆ ಆ ದಿನ ಕೋಳಿಗೂಡಿನ ಕಡೆ ಕೈ ಚಾಚುವ ಧೈರ್ಯ ಯಾರಿಗೂ ಬರಲಿಲ್ಲ. ಹುರುಳಿಕಾಳಿನ ಸಾರು, ಬೆಣ್ಣೆ, ಮಾಗಿದ ನಿಂಬೆ ಉಪ್ಪಿನಕಾಯಿ. ಕೊಯ್ಲಿನ ದಿನಗಳಲ್ಲಿ ನಾವು ಒಟ್ಟಿಗೆ ಉಣ್ಣುವುದು ಅಪರೂಪ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ಅವತ್ತು ಎಲ್ಲರೂ ಒಲೆಯ ಸುತ್ತ ಚಾಪೆ ಹಾಸಿ ಕೂತೆವು, ಬಡಿಸುವ ಸೊಸೆಯನ್ನೂ ಕೈ ಹಿಡಿದು ಕೂರಿಸಿಕೊಂಡೆವು.

ಉಣ್ಣುವಾಗ ಮಾತಾಡಬಾರದು ಎಂಬುದು ನಮ್ಮ ಮನೆಯವರ ಕಟ್ಟಳೆ. ಬಾಯಲ್ಲಿ ಕಡುಬು ಇಟ್ಟುಕೊಂಡೇ ಮೊಮ್ಮಗಳು ಬ್ಯಾಂಕಿನವರ ಮಗಳ ಕಥೆ ಶುರುಮಾಡಿದಳು. ನಾವೆಲ್ಲ ಅವಳ ತಾತನ ಮುಖ ನೋಡಿದೆವು. ಅವರು ಇನ್ನೊಂದು ಕಡುಬು ಮುರಿದು ಅವಳ ತಟ್ಟೆಗೆ ಹಾಕಿ, "ಆಮೇಲೆ ಏನಾಯ್ತು ಮಗಾ?" ಎಂದರು. ಸಾರು ಆರಿ ತಣ್ಣಗಾಯಿತು. ಯಾರೂ ಏಳಲಿಲ್ಲ.