ರತ್ನಕ್ಕನ ಫೋನ್ ಬಂದಿತ್ತು

ರತ್ನಕ್ಕ, ಆ ಮಧ್ಯಾಹ್ನ ನೀವು ಫೋನ್ ಮಾಡಿದ್ದಿರಿ. ಎತ್ತಿದವಳು ನಾನೇ. ‘ಆಯ್ತು, ತಿಳಿಸ್ತೀನಿ’ ಎಂದವಳೂ ನಾನೇ. ಆಮೇಲೆ ನಿಮ್ಮ ಮನೆಯಂಗಳದಲ್ಲಿ, ನಿಮ್ಮ ನೆಂಟರಿಷ್ಟರ ಎದುರು, ಅಂಥ ಫೋನೇ ಬರಲಿಲ್ಲ ಎಂದವಳೂ ನಾನೇ. ಇದು ನಿಮಗೆ ಗೊತ್ತು, ನನಗೆ ಗೊತ್ತು. ಗೊತ್ತಾಗಲೇಬೇಕಿದ್ದ ನಿಮ್ಮ ತಮ್ಮ ಮಂಜುವಿಗೆ ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ.

ಮಂಜು ನಮ್ಮ ಆಫೀಸಿನವನು. ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಹುಟ್ಟಿ ಬೆಳೆದು, ಹಲಸೂರು ಕೆರೆಯಲ್ಲಿ ಹಾಯಿದೋಣಿ ಕಲಿತವನು. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಗುಂಟ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗುತ್ತೇನೆ, ಆ ನೆಪದಲ್ಲಿ ಹಣ ಕೂಡಿಸಿ ಕಟ್ಟಡ ಕೆಲಸದವರ ಮಕ್ಕಳಿಗೊಂದು ಶಿಶುವಿಹಾರ ಮಾಡೋಣ ಎಂದವನು ಅವನೇ. ನಮ್ಮ ಆಫೀಸಿನ ಹಿಂದೆ ಇನ್ನೊಂದು ಟವರ್ ಏಳುತ್ತಿತ್ತು. ರಾಯಚೂರು ಕಡೆಯಿಂದ ಬಂದವರ ಮಕ್ಕಳು ಅಲ್ಲಿ ಮರಳ ರಾಶಿಯ ಮೇಲೆಯೇ ಮಲಗಿರುತ್ತಿದ್ದರು. ಅವರು ನಮಗೂ ಕಿಟಕಿಯಿಂದ ಕಾಣುತ್ತಿದ್ದರು. ನಾವು ಬಿಸಿಲು ಜಾಸ್ತಿ ಎಂದು ಪರದೆ ಎಳೆದುಕೊಳ್ಳುತ್ತಿದ್ದೆವು.

ಈ ಯಾತ್ರೆಯ ಉಸ್ತುವಾರಿ ನನ್ನದು. ಕ್ಯಾಂಟೀನಿನ ಗೋಡೆಗೆ ಕರಾವಳಿಯ ನಕ್ಷೆ ಅಂಟಿಸಿ, ದಿನಾ ಸಂಜೆ ಕಾಗದದ ದೋಣಿಯನ್ನು ಒಂದೊಂದು ಊರು ಕೆಳಕ್ಕೆ ಸರಿಸುತ್ತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು — ದೋಣಿ ನಡೆಸುತ್ತಿರುವವಳು ನಾನೇ ಏನೋ ಅನ್ನಿಸುವಷ್ಟು. ಮಂಜುವಿನ ಮೊಬೈಲು ಶುರುವಿನಲ್ಲೇ ಉಪ್ಪುನೀರು ಕುಡಿದು ಕೆಟ್ಟಿತ್ತು. ಸಂಜೆ ದಡ ಸೇರಿದ ಮೇಲೆ ಕಾಯಿನ್ ಬೂತಿನಿಂದ ನನಗೊಬ್ಬಳಿಗೇ ಫೋನ್ ಮಾಡುತ್ತಿದ್ದ. ಮನೆಗೆ ಮಾಡುತ್ತಿರಲಿಲ್ಲ; ಸಮುದ್ರಕ್ಕೆ ಇಳಿಯಬೇಡ ಎಂದು ಕೂಗಾಡಿ ನಿಮ್ಮಪ್ಪ ಅವನ ಜೊತೆ ಮಾತು ಬಿಟ್ಟಿದ್ದರಲ್ಲ. ನಿಮ್ಮ ಸಮಾಚಾರ ಅವನಿಗೆ, ಅವನದು ನಿಮಗೆ — ಎರಡೂ ನನ್ನ ಮೂಲಕವೇ ಹೋಗಬೇಕಿತ್ತು.

‘ಮೇಡಂ, ಅಪ್ಪಂಗೆ ಎದೆನೋವು, ಆಸ್ಪತ್ರೆಗೆ ಸೇರ್ಸಿದೀವಿ. ಉಳಿಯೋದು ಕಷ್ಟ ಅಂತವ್ರೆ. ಮಂಜಂಗೆ ಎಂಗಾದ್ರೂ ಮಾಡಿ ಏಳಿ. ಬೈಯಾಕಿಲ್ಲ ಅಂತಾನೂ ಏಳಿ — ಅಪ್ಪನೇ ಏಳ್ಸವ್ರೆ.’

ನೀವು ಆಡಿದ್ದು ಇಷ್ಟೇ. ಒಂದು ಪದವೂ ಮರೆತಿಲ್ಲ.

ಆ ಸಂಜೆ ಅವನು ಗಂಗೊಳ್ಳಿಯಿಂದ ಮಾತನಾಡಿದ. ಹಿಂದೆ ಮೀನುಗಾರರ ಗದ್ದಲ ಕೇಳುತ್ತಿತ್ತು. ‘ಮನೆ ಕಡೆ ಎಲ್ಲಾ ಓಕೆನಾ ಮೇಡಂ?’ ಎಂದ. ನಾನು — ತಡವರಿಸಲಿಲ್ಲ ಕೂಡ, ರತ್ನಕ್ಕ — ‘ಎಲ್ಲಾ ಆರಾಮು ಕಣೋ. ನೀನು ಮಂಗಳೂರು ಮುಟ್ಟು, ಸಾಕು’ ಎಂದೆ. ಗಂಗೊಳ್ಳಿಯಿಂದ ಕುಂದಾಪುರ ಹತ್ತಿರ. ಅಲ್ಲಿ ಬೆಂಗಳೂರಿನ ಬಸ್ಸು ಹತ್ತಿದ್ದರೆ ಬೆಳಗ್ಗೆ ಅಪ್ಪನ ಮುಂದೆ ನಿಂತಿರುತ್ತಿದ್ದ.

ಯಾತ್ರೆ ನಡುವೆ ನಿಂತರೆ ಕಂಪನಿ ತನ್ನ ಪಾಲಿನ ಹಣ ಕೊಡುವುದಿಲ್ಲ ಎಂಬ ಷರತ್ತಿತ್ತು. ಆ ಮಕ್ಕಳಿಗೋಸ್ಕರ ಮುಚ್ಚಿಟ್ಟೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಶುದ್ಧ ಸುಳ್ಳು. ಮಂಗಳೂರಿನ ಕಡಲತೀರಕ್ಕೆ ವಿದೇಶದಿಂದ ನಮ್ಮ ದೊಡ್ಡ ಸಾಹೇಬರು ಬರುವವರಿದ್ದರು. ವೇದಿಕೆಯ ಮೇಲೆ ಮೈಕ್ ನನ್ನ ಕೈಯಲ್ಲಿ. ನಮ್ಮ ಆಫೀಸಿನಲ್ಲಿ, ದೊಡ್ಡವರು ಬರುವ ಹೊತ್ತಿಗೆ ಕೆಟ್ಟ ಸುದ್ದಿ ಇದ್ದರೆ ‘ಸದ್ಯಕ್ಕೆ ಪಾರ್ಕ್ ಮಾಡೋಣ’ ಎನ್ನುವ ರೂಢಿ — ಪಕ್ಕಕ್ಕಿಡೋಣ, ಆಮೇಲೆ ನೋಡಿದರಾಯಿತು ಅಂತ. ಸಾಫ್ಟ್‌ವೇರಿನ ತಪ್ಪುಗಳನ್ನು ಹಾಗೆ ಪಕ್ಕಕ್ಕಿಟ್ಟು ಅಭ್ಯಾಸವಾಗಿದ್ದ ನಾನು ನಿಮ್ಮಪ್ಪನ ಪ್ರಾಣವನ್ನೂ ಪಕ್ಕಕ್ಕಿಟ್ಟೆ. ನಿಮ್ಮ ಜೊತೆ ಮಾತು ಮುಗಿಸಿ ನಾನು ಮೊದಲು ಫೋನ್ ಮಾಡಿದ್ದು ಯಾರಿಗೆ ಗೊತ್ತೇ? ಟೈಲರಿಗೆ. ಸಮಾರಂಭದ ಸೀರೆಗೆ ಫಾಲ್ಸ್ ಹಾಕಿ ಆಯಿತಾ ಎಂದು ಕೇಳಲು. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ.

ಮಾರನೇ ದಿನ ನಿಮ್ಮ ನಂಬರು ಮತ್ತೆ ಮತ್ತೆ ಬಂತು, ಎತ್ತಲಿಲ್ಲ. ಅವನು ಮಲ್ಪೆಯಲ್ಲಿದ್ದ ರಾತ್ರಿ ನಿಮ್ಮಪ್ಪ ಹೋದರು. ನಿಮ್ಮ ಯಜಮಾನರು ಕಳಿಸಿದ ಮೆಸೇಜನ್ನೂ ಮಂಗಳೂರಿನಲ್ಲಿ ಹಾರ, ಫೋಟೋ, ಭಾಷಣ ಎಲ್ಲ ಮುಗಿಯುವವರೆಗೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ, ಈಗಷ್ಟೇ ತಿಳಿಯಿತು ಎಂಬ ಮುಖ ಮಾಡಿ ಮಂಜುವಿಗೆ ಹೇಳಿದೆ. ಅವನ ತುಟಿ ಉಪ್ಪಿಗೆ ಒಡೆದಿತ್ತು. ಕೊರಳ ಹಾರ ತೆಗೆಯುವುದನ್ನೂ ಮರೆತು ಬಸ್‌ಸ್ಟ್ಯಾಂಡಿನ ಕಡೆ ಓಡಿದ. ನೀವು ಸಂಜೆಯವರೆಗೂ ಮಂಜುವಿಗಾಗಿ ಕಾದು, ಕೊನೆಗೆ ದಾಯಾದಿಯ ಕೈಯಲ್ಲಿ ಮಣ್ಣು ಮಾಡಿಸಿದ್ದಿರಿ.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಆಫೀಸಿನವರೆಲ್ಲ ನಿಮ್ಮ ಮನೆಗೆ ಬಂದೆವು. ‘ಒಂದು ಮಾತು ಹೇಳಿ ಕಳಿಸೋಕ್ಕಾಗ್ಲಿಲ್ವಾ ಅಕ್ಕ?’ ಎಂದು ಮಂಜು ಅಳುತ್ತಿದ್ದ. ನೀವು ನನ್ನ ಕಡೆ ಕೈ ತೋರಿಸಿದಿರಿ. ‘ಈ ಮೇಡಂಗೆ ಏಳಿದ್ನಲ್ಲೋ!’ ಎಲ್ಲರೂ ತಿರುಗಿ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ‘ನನಗೆ ಯಾವ ಫೋನೂ ಬಂದಿಲ್ಲ, ರತ್ನಮ್ಮ.’

ಎಷ್ಟು ಮೆತ್ತಗೆ ಹೇಳಿದೆ! ದುಃಖದಲ್ಲಿ ನಿಮಗೇನೋ ಗೊಂದಲವಾಗಿದೆ ಎನ್ನುವ ಹಾಗೆ. ಐಟಿ ಕಂಪನಿಗಳು ಬಂದು ನಿಮ್ಮೂರಿನ ನೆಲಕ್ಕೆ ಚಿನ್ನದ ಬೆಲೆ ಬಂದಿದ್ದ ಕಾಲ. ‘ಅಪ್ಪನ ಎಬ್ಬೆಟ್ಟು ಒತ್ತಿಸ್ಕಳಾಕೆ ತಮ್ಮನ್ನ ದೂರ ಮಡಗಿದ್ಲು’ ಎಂದು ಹಿಂದೆ ಯಾರೋ ಗೊಣಗಿದ್ದು ನನಗೂ ಕೇಳಿಸಿತು, ನಿಮಗೂ ಕೇಳಿಸಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಶಿಶುವಿಹಾರವಾಯಿತು. ಟವರ್ ಮುಗಿದ ಮೇಲೆ ಅದೂ ಮುಚ್ಚಿತು. ನನಗೆ ಬಡ್ತಿ ಸಿಕ್ಕಿತು. ಮಂಜು ಬೇರೆ ಕಂಪನಿ ಸೇರಿ ಎಲೆಕ್ಟ್ರಾನಿಕ್ ಸಿಟಿಗೆ ಮನೆ ಬದಲಾಯಿಸಿದ.

ಈ ಸಲ ಗೌರಿ ಹಬ್ಬದ ಮುನ್ನಾದಿನ, ಮೆಟ್ರೋ ಕೆಲಸಕ್ಕೆ ಅಗೆದಿದ್ದ ರಸ್ತೆಯ ಬದಿಯಲ್ಲಿ ನಿಮ್ಮನ್ನು ಕಂಡೆ. ಬಾಗಿನದ ಮೊರ, ಬಳೆ ಆರಿಸುತ್ತಿದ್ದಿರಿ. ತವರಿನಿಂದ ಬಂದಿಲ್ಲವಾ ಎಂದು ಅಂಗಡಿಯವನು ಕೇಳಿದ. ‘ನಮಗ್ಯಾರು ತಂದ್ಕೊಡ್ತಾರಪ್ಪ? ನಾವೇ ತಗೋಬೇಕು’ ಎಂದು ನಕ್ಕಿರಿ. ನಾನು ಅಲ್ಲೇ ನಿಂತಿದ್ದ ಟೆಂಪೋದ ಹಿಂದೆ ಅಡಗಿಕೊಂಡೆ. ಈ ವಯಸ್ಸಿನಲ್ಲಿ, ಕಳ್ಳಿಯ ಹಾಗೆ.

ನಿನ್ನೆ ಮಂಜುವಿನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ‘ಇಷ್ಟು ವರ್ಷ ಅಕ್ಕನ್ನ ಸುಳ್ಳಿ ಅಂದ್ಕೊಂಡಿದ್ನಲ್ಲ ಮೇಡಂ... ಅದನ್ನ ಹೇಗೆ ವಾಪಸ್ ತಗೊಳ್ಲಿ?’ ಎಂದ. ಎದ್ದು ಬಾಗಿಲು ತೆಗೆದ. ‘ಹೊರಡಿ’ ಎಂದ, ಹೊರಟೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ರತ್ನಕ್ಕ. ಆದರೆ ಹತ್ತು ಜನರ ಎದುರು ಆಡಿದ ಸುಳ್ಳನ್ನು ಹೀಗೆ ಕಾಗದದಲ್ಲಿ ಒಪ್ಪಿಕೊಂಡರೆ ಸಾಲದು. ಅಂದು ಅಂಗಳದಲ್ಲಿದ್ದವರನ್ನೆಲ್ಲ ಕರೆಸಿ. ದಿನ ನೀವೇ ಹೇಳಿ. ಬರುತ್ತೇನೆ. ಒಳಗೆ ಕರೆಯಬೇಡಿ, ಅಂಗಳದಲ್ಲೇ ನಿಂತು ಹೇಳುತ್ತೇನೆ.