ಎಳ್ಳು ಬೆಲ್ಲದಲ್ಲಿ ಕಳೆದುಹೋದ ಹಲ್ಲು

ಈ ವಯಸ್ಸಿನಲ್ಲೂ ನನ್ನ ಬಾಯಲ್ಲಿರುವುದೆಲ್ಲ ಹುಟ್ಟು ಹಲ್ಲು ಎಂದು ಬಸವೇಶ್ವರನಗರದ ನಮ್ಮ ಬೀದಿಯಲ್ಲೆಲ್ಲ ಡಂಗುರ ಸಾರಿದವನು ನಾನು. ಮುಂದಿನ ಒಂದು ಹಲ್ಲು ಸೆರಾಮಿಕ್ ಕ್ಯಾಪು ಎಂಬುದು ಹೆಂಡತಿಗೆ ಮಾತ್ರ ಗೊತ್ತು. ಎದುರುಮನೆಯ ಗೆಳೆಯನದು ಪೂರ್ತಿ ಕಟ್ಟಿಸಿದ ಹಲ್ಲು. ಅವನನ್ನು ರೇಗಿಸದೆ ನನಗೆ ಕಾಫಿ ರುಚಿಸುವುದಿಲ್ಲ. ಒಂದು ಯುಗಾದಿಗೆ ಅವನ ಸೆಟ್ಟು ಬಚ್ಚಿಟ್ಟು, ಒಬ್ಬಟ್ಟನ್ನು ಒಸಡಲ್ಲೇ ತಿನ್ನಿಸಿದ ಕೀರ್ತಿಯೂ ನನ್ನದೇ.

ಈ ಸಲದ ಸಂಕ್ರಾಂತಿ ಸಂಜೆ ಇಬ್ಬರ ನಡುವೆ ಎಳ್ಳು ಬೆಲ್ಲದ ತಟ್ಟೆ ಇತ್ತು. ನಾನು ಆನೆ ಆಕಾರದ ಸಕ್ಕರೆ ಅಚ್ಚು ಎತ್ತಿಕೊಂಡೆ.

"ನೋಡ್ಕೋ. ನಿನ್ ಕೈಲಿ ಇದನ್ನ ನೆಕ್ಕಕ್ಕಷ್ಟೇ ಆಗೋದು."

ಎಂದು ಕಚ್ಚಿದೆ. ಕಟಕ್ ಎಂದಿತು. ಆನೆಯ ಸೊಂಡಿಲಿಗೂ ಏನೂ ಆಗಿರಲಿಲ್ಲ. ಮುರಿದದ್ದು ನನ್ನ ಕ್ಯಾಪು. ಚೂರು ತಟ್ಟೆಗೆ ಬಿತ್ತು. ಅಷ್ಟೊಂದು ಕೊಬ್ಬರಿ ಚೂರುಗಳ ನಡುವೆ ನನ್ನದು ಯಾವುದೋ ತಿಳಿಯಲಿಲ್ಲ. ತುಟಿ ಬಿಗಿದುಕೊಂಡೆ.

"ಏನಯ್ಯ, ಮಾತೇ ನಿಂತೋಯ್ತು?"

"ಉಹೂಂ."

ಅವನನ್ನು ಸಾಗಹಾಕಿದರೆ ಸಾಕಾಗಿತ್ತು. ಅದೇ ತಟ್ಟೆಯಿಂದ ಎರಡು ಹಿಡಿ ಪೊಟ್ಟಣ ಕಟ್ಟಿ, ಕೈಗಿಟ್ಟು, ಗೇಟು ದಾಟಿಸಿದೆ. ಎಂಥ ಬುದ್ಧಿವಂತ!

ಚೂರು ಸಿಕ್ಕರೆ ಅದನ್ನೇ ಅಂಟಿಸಬಹುದೇನೋ ಎಂದು ಮರುದಿನ ತಟ್ಟೆಯಲ್ಲಿ ಉಳಿದ ಬಿಳಿ ಚೂರುಗಳನ್ನೆಲ್ಲ ಕಾಗದದಲ್ಲಿ ಸುತ್ತಿಕೊಂಡು ವಿಜಯನಗರದ ಹಲ್ಲಿನ ಡಾಕ್ಟರಮ್ಮನ ಮುಂದೆ ಸುರಿದೆ. ಅವರು ಚಿಮಟದಲ್ಲಿ ಒಂದೊಂದನ್ನೇ ಎತ್ತಿ ದೀಪಕ್ಕೆ ಹಿಡಿದರು.

"ಇದು ಕೊಬ್ಬರಿ ಸಾರ್. ಇದೂ ಕೊಬ್ಬರಿ. ಇದು ಸಕ್ಕರೆ. ಹಲ್ಲು ಇದ್ರಲ್ಲಿಲ್ಲ. ಮುರಿದಿರೋ ಜಾಗ ಒರಟು ಮಾಡಿ, ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಕೂರಿಸ್ತೀನಿ."

"ಬೆಳ್ಳಗಿರ್ಲಿ ತಾಯಿ."

"ಉಳಿದ ಕ್ಯಾಪೂ ಪಕ್ಕದ ಹಲ್ಲೂ ಹಾಲು ಜಾಸ್ತಿಯಾದ ಕಾಫಿ ಬಣ್ಣ ಇದೆ ಸಾರ್. ಅದಕ್ಕೇ ಮ್ಯಾಚ್ ಮಾಡ್ಬೇಕು."

ಮೆತ್ತಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಿ, ಪಾಲಿಶ್ ಕೊಟ್ಟರು. ಮುರಿದದ್ದೆಲ್ಲಿ ಎಂದು ಕನ್ನಡಿಯಲ್ಲಿ ನನಗೇ ಗುರುತು ಹತ್ತಲಿಲ್ಲ. "ಇನ್ಮೇಲೆ ಗಟ್ಟಿ ಪದಾರ್ಥ ಕಚ್ಬೇಡಿ" ಎಂದರು.

ಸಂಜೆ ಗೆಳೆಯ ಹಾಜರು. ನಾನು ಬೇಕೆಂದೇ ಬಾಯಗಲಿಸಿ ನಕ್ಕೆ. ಅವನು ಅಂಗೈ ಬಿಡಿಸಿದ. ಅದರಲ್ಲೊಂದು ಮಾಸಲು ಬಿಳಿ ಚೂರು.

"ನಿಮ್ಮನೆ ಎಳ್ಳಲ್ಲಿ ಸಿಕ್ತು ಕಣಯ್ಯ. ನನ್ ಸೆಟ್ಟೇ ಹೋಗ್ಬಿಡ್ತಿತ್ತು. ಏನಿದು?"

"ಕಲ್ಲುಸಕ್ಕರೆ. ಅಷ್ಟೂ ಗೊತ್ತಾಗಲ್ವಾ?"

"ಹೌದಾ? ನನ್ ಕೈಲಾಗಲ್ಲಪ್ಪ. ಹುಟ್ಟು ಹಲ್ಲಿರೋನು ನೀನೇ ತಿನ್ನು."

ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಲೋಟ ಇಸಿದುಕೊಂಡೆ. ಡಾಕ್ಟರಮ್ಮನ ಮಾತು ಮೀರಲಿಲ್ಲ, ಕಚ್ಚಲಿಲ್ಲ. ಒಂದು ಗುಟುಕು ಕಾಫಿಯ ಜೊತೆ ನನ್ನ ಹಲ್ಲನ್ನು ನಾನೇ ನುಂಗಿದೆ.

"ಹೆಂಗಿತ್ತು?" ಎಂದ.

"ಸಿಹಿ" ಎಂದೆ.