ಅಪ್ಪ ಲ್ಯಾಮಿನೇಶನ್ ಮಾಡಿಸಿದ ಮಾರ್ಕ್ಸ್ ಕಾರ್ಡು

ನನ್ನ ಪಿಯುಸಿ ಮಾರ್ಕ್ಸ್ ಕಾರ್ಡಿಗೆ ಅಪ್ಪ ನಂಜನಗೂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಾಗ ನಾನೂ ಹಿಗ್ಗಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದವಳು ನಾನೇ.

ನಮ್ಮದು ಬಿಳಿಗೆರೆ. ಅಪ್ಪ ಓದಿದ್ದು ಏಳನೇ ಕ್ಲಾಸು. ಪ್ರಾಯದಲ್ಲಿ ಅವನಿಗೆ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಗುವುದರಲ್ಲಿತ್ತು. ಶಾಲೆಯ ಟಿ.ಸಿ. ತಾ ಎಂದರು. ಸೂರಿಗೆ ಸಿಕ್ಕಿಸಿಟ್ಟಿದ್ದ ಟಿ.ಸಿ.ಯನ್ನು ಗೆದ್ದಲು ತಿಂದು ಮುಗಿಸಿತ್ತು. ಇನ್ನೊಂದು ಮಾಡಿಸಿಕೊಂಡು ಹೋಗುವಷ್ಟರಲ್ಲಿ ಕೆಲಸ ಬೇರೆಯವನ ಪಾಲಾಗಿತ್ತು, ಅಪ್ಪ ಕೂಲಿಯಲ್ಲೇ ಉಳಿದ. ಹಾಗಾಗಿ ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ನನ್ನ ಪ್ರಬಂಧ ಸ್ಪರ್ಧೆಯ ಸರ್ಟಿಫಿಕೇಟಿನವರೆಗೆ ಎಲ್ಲವೂ ಪ್ಲಾಸ್ಟಿಕ್ಕಿನ ಒಳಗೇ. “ಗೆದ್ಲು ಈಗ ಅದೇನ್ ತಿಂದದೋ ತಿನ್ಲಿ, ನೋಡುವ,” ಅನ್ನುತ್ತಿದ್ದ.

ನೀಟ್ ಪಾಸಾದರೂ ಇಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಅಂಕ ನನಗೆ ಬರಲಿಲ್ಲ. ಮೈಸೂರಿನ ಏಜೆನ್ಸಿಯೊಂದರ ಮೂಲಕ ಜಾರ್ಜಿಯಾದ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ನಮ್ಮಂಥವರ ಮಕ್ಕಳನ್ನು ಓದಿಸುವ ಟ್ರಸ್ಟೊಂದು ಖರ್ಚು ಹೊರಲು ಒಪ್ಪಿತು. ಆದರೆ ಆ ವರ್ಷಕ್ಕೆ ಮಾತ್ರ; ಹೊರಡಲಾಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಅವಕಾಶ. ಕೇರಿಯವರು ಆಗಲೇ ನನ್ನನ್ನು ಡಾಕ್ಟ್ರಮ್ಮ ಅನ್ನತೊಡಗಿದ್ದರು. ನಾನೂ ಬೇಡ ಅನ್ನಲಿಲ್ಲ.

ದಾಖಲೆ ಒಪ್ಪಿಸಲು ಅಪ್ಪನೂ ನನ್ನ ಜೊತೆ ಏಜೆನ್ಸಿಗೆ ಬಂದ. ಅಲ್ಲಿಯವರು ಮಾರ್ಕ್ಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು.

“ಇದ್ರ ಹಿಂದ್ಗಡೆ ವಿದೇಶಾಂಗ ಇಲಾಖೆ ಮೊಹರು ಬೀಳ್ಬೇಕಮ್ಮ. ಪ್ಲಾಸ್ಟಿಕ್ ಮೇಲೆ ಅವ್ರು ಹಾಕಲ್ಲ. ಲ್ಯಾಮಿನೇಶನ್ ಯಾಕ್ ಮಾಡ್ಸಿದ್ರಿ?”

“ಆಳಾಗ್ದೆ ಇರ್ಲಿ ಅಂತ ಮಾಡುಸ್ದೆ ಸಾ,” ಅಂದ ಅಪ್ಪ.

“ಡೂಪ್ಲಿಕೇಟ್‌ಗೆ ಅರ್ಜಿ ಹಾಕಿ. ಕಾಲೇಜಿಗೆ ಕಾಗ್ದ ಕಳ್ಸೋಕೆ ಇರೋದು ಹನ್ನೆರಡೇ ದಿನ, ಅಷ್ಟ್ರಲ್ಲಿ ಬರೋದು ಡೌಟು.”

ಬಿಸಿ ಮಾಡಿದರೆ ಪ್ಲಾಸ್ಟಿಕ್ ಬಿಟ್ಟುಕೊಳ್ಳುತ್ತದೆ ಎಂದು ಯಾರೋ ಅಂದಿದ್ದನ್ನು ನಂಬಿ, ಪಕ್ಕದ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದೆ. ಅಪ್ಪ ಮೇಲೊಂದು ಬಟ್ಟೆ ಹಾಸಿ ಮೆಲ್ಲಗೆ ಇಸ್ತ್ರಿ ಆಡಿಸಿದ. ಒಂದು ಮೂಲೆ ಸಲೀಸಾಗಿ ಎದ್ದಿತು. “ತಡಿ ಮಗ, ಇನ್ನೊಸಿ ಕಾಯ್ಲಿ,” ಅಂದ. ನನಗೆಲ್ಲಿ ತಾಳ್ಮೆ? ಎಳೆದೆ. ಕಾಗದ ಪದರ ಪದರವಾಗಿ ಸೀಳಿತು. ರಿಜಿಸ್ಟರ್ ನಂಬರು, ಜೀವಶಾಸ್ತ್ರದ ಅಂಕ ಎರಡೂ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದವು.

“ಓದ್ದೆ ಇರೋನ ಕೈಗೆ ಕಾಗ್ದ ಕೊಟ್ನಲ್ಲ, ನನ್ ಬುದ್ಧಿಗೆ ಏನ್ ಏಳ್ಬೇಕು!” ಎಂದು ಕಿರುಚಿದೆ. ಅವ್ವ ಒಲೆಯ ಮುಂದೆ ಇದ್ದವಳು ಎದ್ದು ನಿಂತಳು. ಅಪ್ಪ ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತಿ, ಅದನ್ನು ಪಕ್ಕದ ಮನೆಗೆ ಕೊಟ್ಟು ಬರಲು ಹೋದ.

ಮಾರನೆಯ ದಿನವೇ ಕಾಲೇಜಿಗೆ ಹೋಗಿ ಡೂಪ್ಲಿಕೇಟಿಗೆ ಅರ್ಜಿ ಹಾಕಿದೆ. ಅದು ನನ್ನ ಕೈ ಸೇರುವ ಹೊತ್ತಿಗೆ ಜಾರ್ಜಿಯಾಕ್ಕೆ ಹೋಗುವವರು ಹೋಗಿಯಾಗಿತ್ತು. ಟ್ರಸ್ಟಿನವರು ನನ್ನ ಬದಲಿಗೆ ಬೇರೊಬ್ಬ ಹುಡುಗಿಯನ್ನು ಕಳಿಸಿದ್ದರು. ಅವಳಿಗೆ ಒಳ್ಳೆಯದಾಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈಗ ತಿ. ನರಸೀಪುರದ ಲ್ಯಾಬೊಂದರಲ್ಲಿ ಪರೀಕ್ಷೆಗೆ ರಕ್ತ ತೆಗೆಯುತ್ತೇನೆ. ಡಾಕ್ಟರಾಗುವ ಆಸೆ ಸತ್ತಿದೆ, ಸುಳ್ಳೇಕೆ ಹೇಳಲಿ. ಅದನ್ನು ಹೇಗೋ ನುಂಗಿಕೊಂಡೆ. ಆದರೆ ಅಂದು ಆಡಿದ ಮಾತಿಗೆ ಅಪ್ಪನ ಹತ್ತಿರ ತಪ್ಪಾಯ್ತು ಅನ್ನಬೇಕೆಂದು ದಿನಾ ಬಸ್ಸಿನಲ್ಲಿ ಅಂದುಕೊಳ್ಳುತ್ತೇನೆ, ಮನೆ ಹೊಕ್ಕರೆ ನಾಲಿಗೆ ಏಳುವುದಿಲ್ಲ.

ಮೊನ್ನೆ ಪೋಸ್ಟಿನವರು ಬ್ಯಾಂಕಿನ ಕಾಗದವೊಂದನ್ನು ಜಗಲಿಯ ಮೇಲೆ ಹಾಕಿ ಹೋಗಿದ್ದರು. ನಾನು ಬರುವಾಗ ಅಪ್ಪ ಅದರ ಪಕ್ಕದಲ್ಲೇ ಕಾದು ಕೂತಿದ್ದ. ಗಾಳಿಗೆ ಹಾರದಿರಲೆಂದು ಮೇಲೊಂದು ಕಲ್ಲು ಇಟ್ಟಿದ್ದ.

“ನಿಂಗೇನೋ ಕಾಗ್ದ ಬಂದದೆ ಕವ್ವ,” ಅಂದ. “ನಾ ಮುಟ್ಟಿಲ್ಲ.”